ವಿಸಿಆರ್ ಕೆಟ್ಟಿಲ್ಲ, ಚಾನೆಲ್ ಹೆಕ್ಕುವ ಕೆಲಸ ಬಾಕ್ಸ್‌ಗೆ ಹೋಗಿದೆ

ಕೇಬಲ್ ವೈರನ್ನು ಸೀದಾ ಹಳೆಯ ವಿಸಿಆರ್‌ಗೆ (ಟಿವಿ ಕಾರ್ಯಕ್ರಮವನ್ನು ಟೇಪಿಗೆ ಬರೆದುಕೊಳ್ಳುವ ಯಂತ್ರ) ಚುಚ್ಚಿದರೆ ಈಗ ಬರುವುದು ಬರೀ ಚುಕ್ಕೆಗಳು, ಇಲ್ಲವೇ ನೀಲಿ ಪರದೆ. ಯಂತ್ರ ಕೆಟ್ಟಿದೆ ಅಂದುಕೊಳ್ಳುವವರೇ ಜಾಸ್ತಿ. ಎಷ್ಟೋ ಸಲ ಅದಕ್ಕೆ ಏನೂ ಆಗಿರುವುದಿಲ್ಲ. ಅದು ಮಾಡುತ್ತಿದ್ದ ಒಂದು ಕೆಲಸ ಸೆಟ್ ಟಾಪ್ ಬಾಕ್ಸ್‌ನ ಪಾಲಾಗಿದೆ, ಅಷ್ಟೆ.

ಅನಲಾಗ್ ಕಾಲದಲ್ಲಿ ಎಲ್ಲ ಚಾನೆಲ್‌ಗಳೂ ಒಂದೇ ವೈರಿನಲ್ಲಿ, ಬೇರೆ ಬೇರೆ ಫ್ರೀಕ್ವೆನ್ಸಿಯಲ್ಲಿ ಒಟ್ಟಿಗೇ ಬರುತ್ತಿದ್ದವು. ಬೇಕಾದದ್ದನ್ನು ಹೆಕ್ಕಿ ಕೊಡುತ್ತಿದ್ದದ್ದು ಟ್ಯೂನರ್. ಟಿವಿಯೊಳಗೆ ಒಂದು, ವಿಸಿಆರ್‌ನೊಳಗೆ ಇನ್ನೊಂದು. ಹಾಗಾಗಿ ಒಂದು ಚಾನೆಲ್ ನೋಡುತ್ತಾ ಮತ್ತೊಂದನ್ನು ರೆಕಾರ್ಡ್ ಮಾಡಬಹುದಿತ್ತು. ಡಿಜಿಟಲ್ ಕೇಬಲ್‌ನಲ್ಲಿ, ಮೊದಲು ಒಂದೇ ಚಾನೆಲ್ ಹಿಡಿಸುತ್ತಿದ್ದ 6 ಅಥವಾ 8 ಮೆಗಾಹರ್ಟ್ಸ್ ಜಾಗದಲ್ಲಿ ಹತ್ತರಷ್ಟು ಸಾಮಾನ್ಯ ಚಾನೆಲ್‌ಗಳನ್ನು ಕುಗ್ಗಿಸಿ ತುಂಬುತ್ತಾರೆ. ಹೆಚ್ಚಿನವಕ್ಕೆ ಬೀಗವೂ ಇರುತ್ತದೆ. ಅದನ್ನು ಬಿಚ್ಚುವುದು ಬಾಕ್ಸ್‌ಗೆ ಮಾತ್ರ ಗೊತ್ತು. ಒಂದೇ ಟ್ಯೂನರ್ ಇರುವ ಬಾಕ್ಸು ಒಂದು ಸಲಕ್ಕೆ ಒಂದೇ ಚಾನೆಲ್ ಕೊಡುತ್ತದೆ. ವಿಸಿಆರ್ ಅದನ್ನೇ ಬರೆದುಕೊಳ್ಳಬೇಕು.

ಟೈಮರ್ ಹಾಕಿದವರಿಗೆ ಇದರ ಬಿಸಿ ಬೇಗ ತಟ್ಟುತ್ತದೆ. ಹೇಳಿದ ಹೊತ್ತಿಗೆ ವಿಸಿಆರ್ ಎದ್ದು ರೆಕಾರ್ಡಿಂಗ್ ಶುರು ಮಾಡುತ್ತದೆ. ಆದರೆ ಬಾಕ್ಸು ಆಗ ಬೇರೆ ಚಾನೆಲ್‌ನಲ್ಲಿರಬಹುದು, ಆಫ್ ಆಗಿಯೂ ಇರಬಹುದು. ಕೆಲವು ಬಾಕ್ಸ್‌ಗಳಲ್ಲಿ ಹೇಳಿದ ಹೊತ್ತಿಗೆ ತಾನೇ ಚಾನೆಲ್ ಬದಲಿಸುವ ಸೌಲಭ್ಯ ಇರುತ್ತದೆ. ಅದಿಲ್ಲದಿದ್ದರೆ ಬೇಕಾದ ಚಾನೆಲ್‌ಗೆ ಹಾಕಿ, ಬಾಕ್ಸನ್ನು ಆನ್ ಮಾಡಿಯೇ ಬಿಡಬೇಕು.

ಇನ್ನು ವೈರು. ಒಂದರ ಔಟ್ ಇನ್ನೊಂದರ ಇನ್‌ಗೆ ಹೋಗಬೇಕು, ಮಿಕ್ಕದ್ದೆಲ್ಲ ಇದರಿಂದಲೇ ಹುಟ್ಟುತ್ತದೆ. ನನಗೆ ಸರಿ ಕಾಣುವ ಜೋಡಣೆ ಹೀಗೆ: ಬಾಕ್ಸ್‌ನಿಂದ ಟಿವಿಗೆ ಎಚ್‌ಡಿಎಂಐ (ಚಿತ್ರ, ದನಿ ಎರಡನ್ನೂ ಡಿಜಿಟಲ್ ಆಗಿ ಒಯ್ಯುವ ವೈರು), ಅದೇ ಬಾಕ್ಸ್‌ನ ಹಳದಿ-ಕೆಂಪು-ಬಿಳಿ ಪಿನ್‌ಗಳಿಂದ ವಿಸಿಆರ್‌ನ ಇನ್‌ಗೆ ಬೇರೆ ವೈರು, ವಿಸಿಆರ್‌ನ ಔಟ್‌ನಿಂದ ಟಿವಿಯ ಎವಿ ಇನ್‌ಗೆ ಮತ್ತೊಂದು. ಹಲವು ಬಾಕ್ಸ್‌ಗಳಲ್ಲಿ ಎರಡೂ ದಾರಿ ಒಟ್ಟಿಗೇ ಕೆಲಸ ಮಾಡುತ್ತವೆ. ನೋಡುವ ಚಿತ್ರ ಚೊಕ್ಕವಾಗಿರುತ್ತದೆ, ರೆಕಾರ್ಡಿಂಗ್ ತನ್ನ ಪಾಡಿಗೆ ನಡೆಯುತ್ತದೆ. ವಿಸಿಆರ್‌ನಲ್ಲಿ ಚಾನೆಲ್ ನಂಬರ್ ಬದಲು ಲೈನ್ ಅಥವಾ ಎವಿ ಇನ್‌ಪುಟ್ ಆರಿಸುವುದನ್ನು ಮಾತ್ರ ಮರೆಯಬಾರದು.

ಹಳದಿ ಪಿನ್ ಒಂದು ಜಾಣ ರಾಜಿ. ಚಿತ್ರದ ಬೆಳಕೂ ಬಣ್ಣವೂ ಒಂದೇ ತಂತಿಯಲ್ಲಿ ಹೋಗಬೇಕು. ಅದಕ್ಕೆ ಅಮೆರಿಕದ ಎನ್‌ಟಿಎಸ್‌ಸಿ ಟಿವಿ ಪದ್ಧತಿಯಲ್ಲಿ ಬಣ್ಣವನ್ನು 3.58 ಮೆಗಾಹರ್ಟ್ಸ್ ಅಲೆಯ ಮೇಲೆ ಕೂರಿಸುತ್ತಾರೆ, ಭಾರತದ ಪಾಲ್ ಪದ್ಧತಿಯಲ್ಲಾದರೆ 4.43. ಬೆಳಕಿನ ಸೂಕ್ಷ್ಮ ವಿವರಗಳೂ ಅದೇ ಫ್ರೀಕ್ವೆನ್ಸಿಗೆ ಏರಿದಾಗ ಟಿವಿಗೆ ಗೊಂದಲ. ಸಣ್ಣ ಗೆರೆಯ ಅಂಗಿ ತೊಟ್ಟವರು ಪರದೆಗೆ ಬಂದಾಗ ಇಲ್ಲದ ಕಾಮನಬಿಲ್ಲು ಕಾಣುವುದು ಇದರಿಂದಲೇ. ಎಸ್-ವಿಡಿಯೋ ವೈರು ಬೆಳಕು ಮತ್ತು ಬಣ್ಣವನ್ನು ಬೇರೆ ಬೇರೆ ತಂತಿಯಲ್ಲಿ ಒಯ್ಯುತ್ತದೆ. ಹಾಗಂತ ದುಬಾರಿ ವೈರಿಗೆ ದುಡ್ಡು ಸುರಿಯಬೇಕಿಲ್ಲ. ವಿಸಿಆರ್‌ಗೆ ಹಾಕುವ ವಿಎಚ್‌ಎಸ್ ಟೇಪು ಬೆಳಕಿನ ವಿವರವನ್ನು ಸುಮಾರು 3 ಮೆಗಾಹರ್ಟ್ಸ್‌ವರೆಗೆ ಮಾತ್ರ ಉಳಿಸಿಕೊಳ್ಳುತ್ತದೆ. ಅಡ್ಡಡ್ಡಕ್ಕೆ ಸುಮಾರು 240 ಗೆರೆಗಳಷ್ಟು ವಿವರ ಸಿಕ್ಕರೆ ಅದೇ ಹೆಚ್ಚು.

ಬಾಕ್ಸ್‌ನಲ್ಲಿ ಎಚ್‌ಡಿಎಂಐ ಮಾತ್ರ ಇದ್ದರೆ? ಎಚ್‌ಡಿಎಂಐ ಬಂದದ್ದು 2002ರಲ್ಲಿ. ಜಪಾನಿನ ಫುನಾಯ್ ಕಂಪನಿ ವಿಸಿಆರ್ ತಯಾರಿಕೆ ನಿಲ್ಲಿಸಿದ್ದು 2016ರಲ್ಲಿ. ನಡುವಿನ ಕಾಲದ ಕೆಲವು ಡಿವಿಡಿ-ವಿಸಿಆರ್ ಜೋಡಿ ಯಂತ್ರಗಳಲ್ಲಿ ಎಚ್‌ಡಿಎಂಐ ಕಿಂಡಿ ಕಾಣುತ್ತದೆ. ಆದರೆ ಅದು ಚಿತ್ರ ಹೊರಗೆ ಕಳಿಸುವ ಕಿಂಡಿ, ಒಳಗೆ ತೆಗೆದುಕೊಳ್ಳುವುದಲ್ಲ! ಆಗ ಎಚ್‌ಡಿಎಂಐಯಿಂದ ಎವಿಗೆ ಬದಲಿಸುವ ಕನ್ವರ್ಟರ್ ಬೇಕು. ಅಲ್ಲೂ ನಕಲು ತಡೆಯುವ ಎಚ್‌ಡಿಸಿಪಿ ಎಂಬ ಕಾವಲು ಇರುತ್ತದೆ. ಬಾಕ್ಸು ಮೊದಲು ಆಚೆ ತುದಿಯ ಯಂತ್ರದ ಗುರುತು ಕೇಳುತ್ತದೆ, ಒಪ್ಪುವ ಉತ್ತರ ಬಾರದಿದ್ದರೆ ಚಿತ್ರ ಕೊಡುವುದಿಲ್ಲ.

ಇದಕ್ಕಿಂತ ಹಳೆಯ ಕಾವಲು ಮ್ಯಾಕ್ರೋವಿಷನ್. ಪರದೆಯಲ್ಲಿ ಕಾಣದ ಗೆರೆಗಳಲ್ಲಿ ಸುಳ್ಳು ಸಿಗ್ನಲ್ ಅಡಗಿಸಿಡುತ್ತಾರೆ. ಒಳಬರುವ ಸಿಗ್ನಲ್‌ನ ಬಲವನ್ನು ತಾನೇ ಸರಿಪಡಿಸಿಕೊಳ್ಳುವ ವಿಸಿಆರ್‌ನ ಭಾಗ ಅದನ್ನು ನಿಜವೆಂದು ನಂಬಿ, ಚಿತ್ರವನ್ನು ಒಮ್ಮೆ ಕತ್ತಲಾಗಿಸಿ ಒಮ್ಮೆ ಬೆಳಗಿಸುತ್ತದೆ. ಡಿವಿಡಿ ಪ್ಲೇಯರ್‌ನ ವೈರನ್ನು ವಿಸಿಆರ್ ಮೂಲಕ ಟಿವಿಗೆ ಕೊಟ್ಟವರಿಗೆ ಈ ಆಟ ಗೊತ್ತಿರುತ್ತದೆ, ಅಲ್ವಾ? ಸೀದಾ ಟಿವಿಗೆ ಕೊಟ್ಟರೆ ಮಾಯ.

ದಪ್ಪ ಕೇಬಲ್ ವೈರನ್ನು ಎರಡು ಕಡೆಗೆ ಹಂಚಬೇಕಾದರೆ ಸ್ಪ್ಲಿಟರ್ ಹಾಕುತ್ತಾರೆ. ಒಂದೊಂದು ಕವಲಿಗೂ ಸಿಗುವುದು ಅರ್ಧಕ್ಕಿಂತ ಕಡಿಮೆ ಶಕ್ತಿ, ಸುಮಾರು 3.5 ಡೆಸಿಬಲ್ ನಷ್ಟ. ಅನಲಾಗ್ ಚಿತ್ರ ಇದರಿಂದ ಸ್ವಲ್ಪ ಸ್ವಲ್ಪವೇ ಮಂಕಾಗುತ್ತಿತ್ತು. ಡಿಜಿಟಲ್ ಹಾಗಲ್ಲ. ಒಂದು ಮಿತಿವರೆಗೆ ಏನೂ ಗೊತ್ತಾಗುವುದಿಲ್ಲ, ಅದು ದಾಟಿದರೆ ಚಿತ್ರ ಚೌಕ ಚೌಕವಾಗಿ ಒಡೆದು ನಿಂತೇಬಿಡುತ್ತದೆ. ಸುಮ್ನೆ ಸ್ಪ್ಲಿಟರ್ ಮೇಲೆ ಸ್ಪ್ಲಿಟರ್ ಹಾಕಬೇಡಿ. ಖಾಲಿ ಉಳಿದ ಬಾಯಿಗೆ 75 ಓಮ್‌ನ ಮುಚ್ಚಳ ಹಾಕಿದರೆ ಸಿಗ್ನಲ್ ಅಲ್ಲಿಂದ ಪುಟಿದು ವಾಪಸ್ ಬರುವುದಿಲ್ಲ.

ಬಾಕ್ಸ್‌ನ ಚಿತ್ರದ ಅಗಲ-ಎತ್ತರದ ಅಳತೆ 16:9, ವಿಸಿಆರ್‌ನ ಕಾಲದ್ದು 4:3. ಮುಖಗಳು ಉದ್ದುದ್ದ ಕಂಡರೆ ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ಅಳತೆ ಬದಲಿಸಿ ನೋಡಿ. ರೆಕಾರ್ಡಿಂಗ್ ನಡೆಯುವಾಗ ದನಿ ಏರಿಸಿ ಇಳಿಸಲು ಟಿವಿಯ ರಿಮೋಟನ್ನೇ ಬಳಸಿ. ಬಾಕ್ಸ್‌ನ ರಿಮೋಟ್ ಒತ್ತಿದರೆ ಅದರ ವಾಲ್ಯೂಮ್ ಪಟ್ಟಿ ಟೇಪಿನಲ್ಲಿ ಕೂತುಬಿಡಬಹುದು.