ಒಂದು ದೇಹ, ನಾಲ್ಕು ಜಗತ್ತು

ಸೃಷ್ಟಿಕಥೆಗಳ ಬಗ್ಗೆ ಪಾಠ ಮಾಡುವಾಗ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: ‘ಎಲ್ಲ ಕಡೆ ಒಂದೇ ಕಥೆ ಅಲ್ವಾ? ಹೆಸರು ಮಾತ್ರ ಬೇರೆ.’ ಹಾಗೆ ಅನ್ನಿಸುವುದು ಸಹಜವೇ. ಬ್ಯಾಬಿಲೋನಿನ ಕಥೆಯಲ್ಲಿ ಮೊದಲು ಇದ್ದದ್ದು ನೀರು. ಈಜಿಪ್ಟಿನಲ್ಲೂ ನೀರು. ಬೈಬಲ್ಲಿನ ಮೊದಲ ಸಾಲುಗಳಲ್ಲಿ ಕತ್ತಲು ಕವಿದ ನೀರು. ಋಗ್ವೇದದ ನಾಸದೀಯ ಸೂಕ್ತದಲ್ಲೂ ಕತ್ತಲೆಯೊಳಗೆ ಕತ್ತಲೆ, ಗುರುತು ಹತ್ತದ ನೀರು.

ಹೋಲಿಕೆ ಇದೆ, ಒಪ್ಪಿದೆ. ಆದರೆ ಅದು ಯಾಕೆ ಬಂತು? ಕಥೆಗಳು ಎಲ್ಲಿಯವರೆಗೆ ಜೊತೆಗೆ ನಡೆಯುತ್ತವೆ, ಎಲ್ಲಿ ದಾರಿ ಬದಲಿಸುತ್ತವೆ? ತೌಲನಿಕ ಪುರಾಣ ಅಧ್ಯಯನ ಅನ್ನುವುದು ಈ ಎರಡು ಪ್ರಶ್ನೆಗಳ ಹಿಂದೆ ಹೋಗುವ ಕೆಲಸ. ನನ್ನ ಅನುಭವದಲ್ಲಿ ಎರಡನೆಯದು ಹೆಚ್ಚು ಫಲ ಕೊಡುವ ಪ್ರಶ್ನೆ, ಆದರೆ ಹೆಚ್ಚಿನವರು ಅದನ್ನು ಕೇಳುವುದೇ ಇಲ್ಲ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಒಂದು ದೊಡ್ಡ ದೇಹ ಒಡೆದು ಜಗತ್ತಾಯಿತು ಅನ್ನುವ ಕಥೆ ಕನಿಷ್ಠ ನಾಲ್ಕು ಹಳೆಯ ಪರಂಪರೆಗಳಲ್ಲಿ ಸಿಗುತ್ತದೆ.

ಬ್ಯಾಬಿಲೋನಿನ ‘ಎನೂಮಾ ಎಲಿಶ್’ ಕಾವ್ಯದಿಂದ ಶುರು ಮಾಡೋಣ. ಏಳು ಮಣ್ಣಿನ ಫಲಕಗಳ ಮೇಲೆ ಬರೆದ ಕಾವ್ಯ ಅದು. ಮೊದಲು ಸಿಹಿನೀರಿನ ಅಪ್ಸು, ಉಪ್ಪುನೀರಿನ ತಿಯಾಮತ್. ಇಬ್ಬರ ನೀರು ಬೆರೆತು ದೇವರುಗಳು ಹುಟ್ಟುತ್ತಾರೆ. ಆಮೇಲೆ ಹಿರಿಯರಿಗೂ ಕಿರಿಯರಿಗೂ ಜಗಳ. ಕೊನೆಗೆ ಕಿರಿಯ ದೇವರು ಮಾರ್ದುಕ್ ತಿಯಾಮತ್ ಮೇಲೆ ಯುದ್ಧಕ್ಕೆ ಹೋಗುತ್ತಾನೆ. ಅವಳ ಬಾಯೊಳಗೆ ಗಾಳಿ ನುಗ್ಗಿಸುತ್ತಾನೆ, ಹೊಟ್ಟೆಗೆ ಬಾಣ ಬಿಡುತ್ತಾನೆ. ಸತ್ತ ಮೇಲೆ ಒಣಮೀನು ಸೀಳುವ ಹಾಗೆ ದೇಹವನ್ನು ಎರಡಾಗಿ ಸೀಳುತ್ತಾನೆ. ಈ ಹೋಲಿಕೆ ನನ್ನದಲ್ಲ, ಕಾವ್ಯದಲ್ಲೇ ಇದೆ. ಒಂದು ಹೋಳು ಆಕಾಶ. ಅದರ ನೀರು ಕೆಳಗೆ ಸುರಿಯಬಾರದು ಅಂತ ಕಾವಲು ಹಾಕುತ್ತಾನೆ. ಅವಳ ಕಣ್ಣುಗಳಿಂದ ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳು ಹರಿಯುತ್ತವೆ. ಅವಳ ಸೇನಾಪತಿ ಕಿಂಗುವಿನ ರಕ್ತದಿಂದ ಮನುಷ್ಯನನ್ನು ಮಾಡುತ್ತಾರೆ. ಯಾಕೆ? ದೇವರುಗಳು ಮಾಡಬೇಕಾದ ದುಡಿಮೆಯನ್ನು ಅವನು ಮಾಡಲಿ ಅಂತ.

ಋಗ್ವೇದದ ಹತ್ತನೇ ಮಂಡಲದ ಪುರುಷಸೂಕ್ತದಲ್ಲೂ ಜಗತ್ತು ಬರುವುದು ಒಂದು ದೇಹದಿಂದಲೇ. ಮನಸ್ಸಿನಿಂದ ಚಂದ್ರ, ಕಣ್ಣಿನಿಂದ ಸೂರ್ಯ, ಉಸಿರಿನಿಂದ ಗಾಳಿ, ತಲೆಯಿಂದ ಆಕಾಶ, ಪಾದದಿಂದ ಭೂಮಿ. ಆದರೆ ಇಲ್ಲಿ ಯುದ್ಧ ಇಲ್ಲ. ಶತ್ರುವೂ ಇಲ್ಲ. ದೇವತೆಗಳು ಯಜ್ಞ ಮಾಡುತ್ತಾರೆ, ಪುರುಷನೇ ಅದರ ಹವಿಸ್ಸು. ಸೂಕ್ತ ಇಲ್ಲಿಗೇ ನಿಲ್ಲುವುದಿಲ್ಲ, ಅದೇ ದೇಹದ ಬಾಯಿ, ತೋಳು, ತೊಡೆ, ಪಾದಗಳಿಗೆ ನಾಲ್ಕು ವರ್ಣಗಳನ್ನು ಜೋಡಿಸುತ್ತದೆ. ಸೂರ್ಯ ಚಂದ್ರರು ಹೇಗೆ ಬಂದರೋ ಸಮಾಜದ ಮೇಲುಕೀಳೂ ಹಾಗೇ ಬಂತು ಅಂತ ಕೇಳುವವರಿಗೆ ಅನ್ನಿಸುತ್ತದೆ. ಸೃಷ್ಟಿಕಥೆಗಳು ಎಷ್ಟು ಗಟ್ಟಿ ಕೆಲಸ ಮಾಡಬಲ್ಲವು ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಗೊತ್ತಿಲ್ಲ. ಮನುಷ್ಯರು ಮಾಡಿಕೊಂಡ ಏರ್ಪಾಡೊಂದು ಕಥೆಯ ಬಲದಿಂದ ಪ್ರಕೃತಿಯ ಏರ್ಪಾಡಿನಂತೆ ಕಾಣತೊಡಗುತ್ತದೆ. ಇಂಥ ಸಾಲು ಬಂದಾಗ ಅದು ಯಾರಿಗೆ ಅನುಕೂಲ ಅಂತ ಕೇಳಲೇಬೇಕು.

ಇನ್ನು ಉತ್ತರ ಯುರೋಪಿನ ಯಿಮಿರ್. ಐಸ್‌ಲ್ಯಾಂಡಿನ ಸ್ನೋರಿ ಸ್ಟರ್ಲುಸನ್ ಸುಮಾರು 1220ರಲ್ಲಿ ಬರೆದಿಟ್ಟ ಕಥೆ ಇದು. ಹಿಮ ಮತ್ತು ಬೆಂಕಿ ಸೇರುವ ಜಾಗದಲ್ಲಿ ದೈತ್ಯ ಯಿಮಿರ್ ಹುಟ್ಟುತ್ತಾನೆ. ದೇವರು ಓಡಿನ್ ಮತ್ತು ಅವನ ಇಬ್ಬರು ತಮ್ಮಂದಿರು ಯಿಮಿರನನ್ನು ಕೊಲ್ಲುತ್ತಾರೆ. ಮಾಂಸ ಭೂಮಿಯಾಯಿತು, ರಕ್ತ ಸಮುದ್ರ, ಮೂಳೆ ಬೆಟ್ಟ, ತಲೆಬುರುಡೆ ಆಕಾಶ, ಮಿದುಳು ಮೋಡ. ಕೊಂದವರ ತಾಯಿ ದೈತ್ಯರ ಮಗಳು. ಅಂದರೆ ಇದು ರಕ್ತಸಂಬಂಧಿಯ ಕೊಲೆ. ಯಿಮಿರನ ರಕ್ತದ ಪ್ರವಾಹದಲ್ಲಿ ದೈತ್ಯರೆಲ್ಲ ಮುಳುಗಿ ಸಾಯುತ್ತಾರೆ, ಒಂದೇ ಒಂದು ಕುಟುಂಬ ತಪ್ಪಿಸಿಕೊಳ್ಳುತ್ತದೆ. ಅಲ್ಲಿಂದ ಶುರುವಾದ ಹಗೆ ಜಗತ್ತಿನ ಕೊನೆಯ ಯುದ್ಧದವರೆಗೂ ಆರುವುದಿಲ್ಲ.

ಕೊನೆಯದು ಚೀನಾದ ಪಾನ್‌ಗು. ಈ ಕಥೆ ಬರಹದಲ್ಲಿ ಮೊದಲು ಕಾಣಿಸುವುದು ಕ್ರಿ.ಶ. 3ನೇ ಶತಮಾನದಲ್ಲಿ, ಷು ಝೆಂಗ್ ಎಂಬ ಲೇಖಕನ ಹೆಸರಿನಲ್ಲಿ. ಎಲ್ಲವೂ ಕೋಳಿಮೊಟ್ಟೆಯ ಹಾಗೆ ಕಲಸಿಕೊಂಡಿತ್ತು. ಒಳಗೆ ಪಾನ್‌ಗು ಹುಟ್ಟಿದ. 18,000 ವರ್ಷ ದಿನದಿನಕ್ಕೂ ಆಕಾಶ ಮೇಲೇರಿತು, ಭೂಮಿ ದಪ್ಪವಾಯಿತು, ನಡುವೆ ಅವನೂ ಬೆಳೆದ. ಆಮೇಲೆ ಸತ್ತ. ಯಾರೂ ಕೊಲ್ಲಲಿಲ್ಲ, ಯಾರೂ ಬಲಿ ಕೊಡಲಿಲ್ಲ. ಉಸಿರು ಗಾಳಿಯಾಯಿತು, ದನಿ ಗುಡುಗಾಯಿತು, ಎಡಗಣ್ಣು ಸೂರ್ಯ, ಬಲಗಣ್ಣು ಚಂದ್ರ. ಮನುಷ್ಯರು? ಅವನ ಮೈಮೇಲಿದ್ದ ಹುಳುಗಳು, ಗಾಳಿ ತಾಕಿ ಜನರಾದವು.

ಈಗ ನಾಲ್ಕನ್ನೂ ಪಕ್ಕಪಕ್ಕ ಇಡಿ. ಕಣ್ಣು, ಉಸಿರು, ತಲೆ, ಮೂಳೆ ಎಲ್ಲ ಹೊಂದುತ್ತವೆ. ‘ಒಂದೇ ಕಥೆ’ ಅಂತ ಇಲ್ಲಿಗೇ ಪುಸ್ತಕ ಮುಚ್ಚಿದರೆ ಕಳೆದುಕೊಳ್ಳುವುದೇ ಜಾಸ್ತಿ. ಆ ದೇಹ ಸತ್ತದ್ದು ಹೇಗೆ ಅಂತ ಕೇಳಿ. ಬ್ಯಾಬಿಲೋನಿನಲ್ಲಿ ಯುದ್ಧದಲ್ಲಿ, ಋಗ್ವೇದದಲ್ಲಿ ಯಜ್ಞದಲ್ಲಿ, ಉತ್ತರ ಯುರೋಪಿನಲ್ಲಿ ಮನೆಯವರ ಕೈಯಲ್ಲಿ, ಚೀನಾದಲ್ಲಿ ತಾನಾಗಿಯೇ. ಮನುಷ್ಯನಿಗೆ ಸಿಕ್ಕ ಜಾಗವೂ ಬೇರೆ ಬೇರೆ. ಒಂದು ಕಡೆ ದೇವರ ಆಳು, ಇನ್ನೊಂದು ಕಡೆ ಯಜ್ಞದ ಭಾಗ, ಮತ್ತೊಂದು ಕಡೆ ಹುಳು. ಹುಳುವಿನಿಂದ ಹುಟ್ಟಿದ ಮನುಷ್ಯನಿಗೆ ಜಗತ್ತು ತನಗಾಗಿಯೇ ಆಗಿದೆ ಅನ್ನುವ ಜಂಬ ಬರುವುದು ಕಷ್ಟ.

ಹೋಲಿಕೆ ಯಾಕೆ ಬರುತ್ತದೆ ಅನ್ನುವ ಮೊದಲ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಪ್ರತಿ ಸಲ ಹೊಸದಾಗಿ ಹುಡುಕಬೇಕು.

ಕೆಲವು ಕಥೆಗಳು ಜನರ ಜೊತೆ ಪ್ರಯಾಣ ಮಾಡಿವೆ. ಗ್ರೀಕ್ ಕವಿ ಹೆಸಿಯಡ್ ಸುಮಾರು ಕ್ರಿ.ಪೂ. 700ರಲ್ಲಿ ಹೇಳುವಂತೆ, ಆಕಾಶದೇವ ಯುರೇನಸ್‌ನ ಪುರುಷಾಂಗವನ್ನು ಮಗ ಕ್ರೋನಸ್ ಕುಡುಗೋಲಿನಿಂದ ಕತ್ತರಿಸಿ ಅಧಿಕಾರ ಹಿಡಿಯುತ್ತಾನೆ. ಆಮೇಲೆ ಕ್ರೋನಸ್‌ನನ್ನು ಅವನ ಮಗ, ಬಿರುಗಾಳಿಯ ದೇವರು ಜ್ಯೂಸ್ ಇಳಿಸುತ್ತಾನೆ. ಇದು ಅಪ್ಪಟ ಗ್ರೀಕ್ ಕಥೆ ಅಂತಲೇ ಬಹುಕಾಲ ಓದಿದರು. ಆಮೇಲೆ ಈಗಿನ ಟರ್ಕಿಯ ಹತ್ತೂಸಾದಲ್ಲಿ ಸಿಕ್ಕ, ಹಿಟ್ಟೈಟ್ ಎಂಬ ಹಳೆಯ ಜನರ ಫಲಕಗಳನ್ನು ಓದಲು ಸಾಧ್ಯವಾಯಿತು. ಹೆಸಿಯಡ್‌ಗಿಂತ ಸುಮಾರು 500 ವರ್ಷ ಹಳೆಯವು. ಅವುಗಳಲ್ಲಿ ಕುಮಾರ್ಬಿ ಎಂಬ ದೇವರು ಆಕಾಶದೇವ ಅನುವಿನ ಪುರುಷಾಂಗವನ್ನು ಕಚ್ಚಿ ನುಂಗುತ್ತಾನೆ. ಅದರಿಂದ ಅವನೊಳಗೇ ಬಿರುಗಾಳಿಯ ದೇವರು ಬೆಳೆದು, ಮುಂದೆ ಅವನನ್ನೇ ಸೋಲಿಸುತ್ತಾನೆ. ಆಕಾಶ, ಅವನನ್ನು ಊನ ಮಾಡಿದವನು, ಬಿರುಗಾಳಿಯ ದೇವರು, ಅದೇ ಸಾಲು. ಇಷ್ಟು ವಿಚಿತ್ರವಾದ ವಿವರ, ಇದೇ ಅನುಕ್ರಮದಲ್ಲಿ, ಸಮುದ್ರದಾಟಿ ವ್ಯಾಪಾರ ಮಾಡುತ್ತಿದ್ದ ನೆರೆಯವರಲ್ಲಿ ಸುಮ್ನೆ ಎರಡು ಸಲ ಹುಟ್ಟಿತು ಅಂತ ನಂಬುವುದು ಕಷ್ಟ. ಇಲ್ಲಿ ಕಥೆ ಒಬ್ಬರಿಂದ ಒಬ್ಬರಿಗೆ ದಾಟಿದೆ.

ಇದರ ಪಕ್ಕದಲ್ಲಿ ಇನ್ನೊಂದು ಜೋಡಿ ಇಡುತ್ತೇನೆ. ನ್ಯೂಜಿಲೆಂಡಿನ ಮಾವೊರಿ ಜನರ ಕಥೆಯಲ್ಲಿ ಆಕಾಶತಂದೆ ರಂಗಿ, ಭೂತಾಯಿ ಪಾಪಾ ಒಬ್ಬರನ್ನೊಬ್ಬರು ಅಪ್ಪಿಕೊಂಡು ಮಲಗಿದ್ದಾರೆ. ನಡುವೆ ಸಿಕ್ಕ ಮಕ್ಕಳಿಗೆ ಬೆಳಕೂ ಇಲ್ಲ, ಜಾಗವೂ ಇಲ್ಲ. ಕೊನೆಗೆ ‘ತಾನೆ’ ಎಂಬ ಹೆಸರಿನ ಕಾಡಿನ ದೇವರು ಬೆನ್ನು ನೆಲಕ್ಕೆ ಕೊಟ್ಟು, ಕಾಲುಗಳಿಂದ ಅಪ್ಪನನ್ನು ಮೇಲಕ್ಕೆ ತಳ್ಳುತ್ತಾನೆ. ಈಜಿಪ್ಟಿನ ಚಿತ್ರಗಳಲ್ಲೂ ಗಾಳಿಯ ದೇವರು ಶು ಎರಡೂ ಕೈ ಎತ್ತಿ ಆಕಾಶವನ್ನು ಭೂಮಿಯಿಂದ ಬೇರೆ ಮಾಡಿ ಹಿಡಿದಿದ್ದಾನೆ. ಈ ಎರಡು ಜನಾಂಗಗಳ ನಡುವೆ ಸಂಪರ್ಕ ಇದ್ದದ್ದಕ್ಕೆ ಯಾವ ಆಧಾರವೂ ಇಲ್ಲ, ಅದನ್ನು ಊಹಿಸುವ ಅಗತ್ಯವೂ ಇಲ್ಲ. ಬಯಲಿನಲ್ಲೋ ಕಡಲದಂಡೆಯಲ್ಲೋ ನಿಂತು ದೂರ ನೋಡಿದವರಿಗೆಲ್ಲ ಆಕಾಶ ಭೂಮಿ ಕೂಡಿದ ಹಾಗೆ ಕಾಣುತ್ತದೆ. ಇಲ್ಲಿ ಮಾತ್ರ ಯಾಕೆ ಬೇರೆ ಇವೆ ಅನ್ನುವ ಪ್ರಶ್ನೆ ಯಾರಿಗೂ ಬರಬಹುದು. ಇನ್ನೊಂದು ವಿಷಯ ಗಮನಿಸಿ. ಈಜಿಪ್ಟಿನಲ್ಲಿ ಆಕಾಶವೇ ಹೆಂಗಸು, ಅವಳ ಹೆಸರು ನುಟ್. ಭೂಮಿ ಗಂಡಸು, ಗೆಬ್. ‘ಭೂಮಿ ಅಂದರೆ ತಾಯಿ’ ಅನ್ನುವುದು ಎಲ್ಲ ಕಡೆ ನಿಜ ಅಂದುಕೊಂಡವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು.

ನೀರಿನ ತಳದಿಂದ ಮಣ್ಣು ತರುವ ಕಥೆ ಇನ್ನೂ ಕುತೂಹಲದ್ದು. ಉತ್ತರ ಅಮೆರಿಕದ ಹೋಡೆನೊಶೋನಿ ಜನರ ಕಥೆಯಲ್ಲಿ ಆಕಾಶಲೋಕದಿಂದ ಒಬ್ಬ ಹೆಂಗಸು ಕೆಳಗೆ ಬೀಳುತ್ತಾಳೆ. ಕೆಳಗೆ ಬರೀ ನೀರು. ಪ್ರಾಣಿಗಳು ಒಂದೊಂದಾಗಿ ಮುಳುಗುತ್ತವೆ, ಸೋಲುತ್ತವೆ. ಕೊನೆಗೆ ನೀರಿಲಿಯೊಂದು ಪಂಜದಲ್ಲಿ ಚೂರು ಮಣ್ಣು ತರುತ್ತದೆ. ಅದನ್ನು ಆಮೆಯ ಬೆನ್ನ ಮೇಲೆ ಇಟ್ಟಾಗ ಭೂಮಿ ಬೆಳೆಯುತ್ತದೆ. ಸೈಬೀರಿಯಾದಲ್ಲಿ ಇದೇ ಕೆಲಸವನ್ನು ನೀರುಹಕ್ಕಿ ಮಾಡುತ್ತದೆ. ವೇದಸಾಹಿತ್ಯದಲ್ಲಿ ಪ್ರಜಾಪತಿ ಹಂದಿಯಾಗಿ ನೀರಿನಿಂದ ಭೂಮಿಯನ್ನು ಎತ್ತುತ್ತಾನೆ. ಈ ಕಥೆ ಉತ್ತರ ಯುರೇಷ್ಯಾ ಮತ್ತು ಉತ್ತರ ಅಮೆರಿಕದಲ್ಲಿ ದಟ್ಟವಾಗಿದೆ, ಆಫ್ರಿಕಾದಲ್ಲಿ ತೀರಾ ವಿರಳ. ಏಷ್ಯಾದಿಂದ ಬೇರಿಂಗ್ ಪ್ರದೇಶ ದಾಟಿ ಅಮೆರಿಕಕ್ಕೆ ಹೋದವರು ಇದನ್ನೂ ಜೊತೆಗೆ ಒಯ್ದಿರಬೇಕು ಅಂತ ಹಲವು ಸಂಶೋಧಕರು ವಾದಿಸುತ್ತಾರೆ. ವಾದ ನನಗೆ ಒಪ್ಪಿಗೆ. ಆದರೆ ವೇದದ ಹಂದಿಯನ್ನೂ ಇದೇ ಗುಂಪಿಗೆ ಸೇರಿಸುವಾಗ ಸ್ವಲ್ಪ ತಡೆಯುತ್ತೇನೆ. ಅಲ್ಲಿ ಸೋತ ಪ್ರಾಣಿಗಳಿಲ್ಲ. ದೊಡ್ಡ ದೇವರೇ ಬಂದು ಭೂಮಿಯನ್ನು ಎತ್ತುತ್ತಾನೆ. ಚಿಕ್ಕ ಪ್ರಾಣಿ ಗೆಲ್ಲುವ ಕಥೆಯ ರುಚಿಯೇ ಬೇರೆ.

ಇಂಥ ತಡೆ ಈ ಶಾಸ್ತ್ರಕ್ಕೆ ಬಹಳ ಬೇಕು. ಇದರ ಚರಿತ್ರೆಯೇ ಅದಕ್ಕೆ ಕಾರಣ. 1856ರಲ್ಲಿ ಮ್ಯಾಕ್ಸ್ ಮುಲ್ಲರ್ ತೌಲನಿಕ ಪುರಾಣದ ಮೇಲೆ ಪ್ರಸಿದ್ಧ ಪ್ರಬಂಧ ಬರೆದರು. ಭಾಷೆಗಳನ್ನು ಹೋಲಿಸಿ ಹಳೆಯ ದೇವರುಗಳ ನಂಟು ತೋರಿಸಿದ್ದು ದೊಡ್ಡ ಕೆಲಸ. ಆದರೆ ಬರಬರುತ್ತಾ ಅವರ ಕಣ್ಣಿಗೆ ಹೆಚ್ಚುಕಡಿಮೆ ಪ್ರತಿ ಕಥೆಯೂ ಸೂರ್ಯ ಹುಟ್ಟಿ ಮುಳುಗುವ ಕಥೆಯಾಗಿ ಕಾಣಿಸಿತು. ಜೇಮ್ಸ್ ಫ್ರೇಜರ್ 1890ರಿಂದ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಎಲ್ಲೆಲ್ಲೂ ಸತ್ತು ಹುಟ್ಟುವ ದೇವರೇ ಸಿಕ್ಕಿದ. ಒಂದೇ ಬೀಗದ ಕೈ ಎಲ್ಲ ಬಾಗಿಲಿಗೂ ಹೊಂದುತ್ತಿದೆ ಅನ್ನಿಸಿದರೆ ಬಾಗಿಲುಗಳನ್ನೇ ಸರಿಯಾಗಿ ನೋಡಿಲ್ಲ ಅಂತ ಅರ್ಥ.

ಬರೆದಿಟ್ಟವರು ಯಾರು ಅನ್ನುವುದನ್ನೂ ಮರೆಯಬಾರದು. ಯಿಮಿರನ ಕಥೆ ಬರೆದ ಸ್ನೋರಿ ಕ್ರೈಸ್ತ. ಅವನ ನಾಡು ಮತ ಬದಲಿಸಿ 200 ವರ್ಷ ಕಳೆದಿತ್ತು. ಗ್ವಾಟೆಮಾಲಾದ ಕಿಚೆ ಮಾಯಾ ಜನರ ‘ಪೊಪೋಲ್ ವುಹ್’ ಬರೆದವರು ತಾವು ಕ್ರೈಸ್ತ ಆಳ್ವಿಕೆಯೊಳಗೆ ಕೂತು ಬರೆಯುತ್ತಿದ್ದೇವೆ ಅಂತ ಆರಂಭದಲ್ಲೇ ಹೇಳುತ್ತಾರೆ. ನಮಗೆ ಉಳಿದಿರುವುದು 18ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿಸ್ಕೊ ಹಿಮೇನೆಸ್ ಎಂಬ ಪಾದ್ರಿ ಮಾಡಿಕೊಂಡ ನಕಲು ಮಾತ್ರ. ಅದರಲ್ಲಿ ದೇವರುಗಳು ಮೊದಲು ಮಣ್ಣಿನಿಂದ ಮನುಷ್ಯನನ್ನು ಮಾಡುತ್ತಾರೆ, ಅವನು ಕರಗಿಹೋಗುತ್ತಾನೆ. ಮರದಿಂದ ಮಾಡುತ್ತಾರೆ, ಅವರಿಗೆ ನೆನಪೂ ಇಲ್ಲ, ಕೃತಜ್ಞತೆಯೂ ಇಲ್ಲ. ಅವರ ಮಡಕೆಗಳೂ ಬೀಸುವ ಕಲ್ಲುಗಳೂ ಅವರ ಮೇಲೇ ತಿರುಗಿಬೀಳುತ್ತವೆ. ಕೊನೆಗೆ ಮೆಕ್ಕೆಜೋಳದಿಂದ ಮಾಡಿದವರು ನಿಲ್ಲುತ್ತಾರೆ. ದೇವರೂ ಎಡವಿ ಕಲಿಯುತ್ತಾನೆ ಅನ್ನುವ ಈ ಧೈರ್ಯ ನನಗೆ ತುಂಬಾ ಇಷ್ಟ.

ಕಥೆಯನ್ನು ಯಾವಾಗ ಹೇಳುತ್ತಿದ್ದರು ಅನ್ನುವುದೂ ಅಷ್ಟೇ ಮುಖ್ಯ. ‘ಎನೂಮಾ ಎಲಿಶ್’ ಅನ್ನು ಬ್ಯಾಬಿಲೋನಿನ ಹೊಸವರ್ಷದ ಹಬ್ಬ ಅಕಿತುವಿನ ನಾಲ್ಕನೇ ದಿನ ಪುರೋಹಿತ ಮಾರ್ದುಕ್‌ನ ಮುಂದೆ ಪಠಿಸುತ್ತಿದ್ದ. ಕಾವ್ಯದ ಕೊನೆಗೆ ದೇವರುಗಳೇ ಸೇರಿ ಬ್ಯಾಬಿಲೋನ್ ಕಟ್ಟುತ್ತಾರೆ, ಮಾರ್ದುಕ್‌ಗೆ 50 ಹೆಸರು ಕೊಡುತ್ತಾರೆ. ಜಗತ್ತು ಹುಟ್ಟಿದ ಕಥೆ ಒಂದು ನಗರ ದೊಡ್ಡದಾದ ಕಥೆಯೂ ಹೌದು. ಬ್ಯಾಬಿಲೋನಿನ ನೆರೆಯ ಅಸ್ಸೀರಿಯಾದವರಿಗೆ ಇದು ಚೆನ್ನಾಗಿ ಅರ್ಥವಾಗಿತ್ತು. ಈ ಕಾವ್ಯದ ತಮ್ಮ ಒಂದು ಪ್ರತಿಯಲ್ಲಿ ಮಾರ್ದುಕ್‌ನ ಹೆಸರು ತೆಗೆದು ತಮ್ಮ ದೇವರು ಅಶ್ಶೂರ್‌ನ ಹೆಸರು ಹಾಕಿಕೊಂಡರು.

ಒಂದು ಅಭ್ಯಾಸದ ಬಗ್ಗೆ ನನಗೆ ನಿಜಕ್ಕೂ ಬೇಸರ ಇದೆ. ವೇದದ ಹಿರಣ್ಯಗರ್ಭವೋ (ಚಿನ್ನದ ಗರ್ಭ) ಪಾನ್‌ಗುವಿನ ಮೊಟ್ಟೆಯೋ ಕಂಡ ಕೂಡಲೇ ‘ಇದು ಬಿಗ್ ಬ್ಯಾಂಗ್, ಅವರಿಗೆ ಆಗಲೇ ಗೊತ್ತಿತ್ತು’ ಅನ್ನುವುದು. ಮೊಟ್ಟೆಯಿಂದ ಮರಿ ಬರುವುದನ್ನು ನೋಡಿದ ಯಾರಿಗಾದರೂ ಆ ಕಲ್ಪನೆ ಬರಬಹುದು. ಫಿನ್ಲೆಂಡಿನ ಹಾಡುಗಳಲ್ಲೂ ಹಕ್ಕಿಯ ಮೊಟ್ಟೆ ಒಡೆದು ಭೂಮಿ ಆಕಾಶ ಆಗುತ್ತವೆ. ಭೌತವಿಜ್ಞಾನದ ಲೆಕ್ಕ ಬೇರೆ, ಅದರ ಪರೀಕ್ಷೆಯೇ ಬೇರೆ. ಹಳೆಯ ಕವಿಯನ್ನು ವಿಜ್ಞಾನಿ ಮಾಡಿದರೆ ಅವನಿಗೆ ಗೌರವ ಹೆಚ್ಚುವುದಿಲ್ಲ, ಅವನು ಹೇಳಿದ್ದು ನಮ್ಮ ಕಿವಿಗೆ ಬೀಳದೆ ಹೋಗುತ್ತದೆ. ನಾಸದೀಯ ಸೂಕ್ತದ ಏಳು ಋಕ್ಕುಗಳನ್ನು ಓದಿ ನೋಡಿ. ಸೃಷ್ಟಿ ಎಲ್ಲಿಂದ ಬಂತು ಅಂತ ಯಾರಿಗೆ ಗೊತ್ತು, ದೇವತೆಗಳು ಕೂಡ ಆಮೇಲೆ ಬಂದವರು ಅನ್ನುತ್ತದೆ. ಮೇಲಿನಿಂದ ನೋಡುತ್ತಿರುವವನಿಗೆ ಗೊತ್ತಿರಬಹುದು, ಅಥವಾ ಅವನಿಗೂ ಗೊತ್ತಿಲ್ಲದೆ ಇರಬಹುದು ಅಂತ ಮುಗಿಯುತ್ತದೆ. ಅಷ್ಟು ಬಿಚ್ಚುಮನಸ್ಸಿನ ಪ್ರಶ್ನೆಗೆ ನಾವು ಅವಸರದಲ್ಲಿ ಉತ್ತರದ ಚೀಟಿ ಅಂಟಿಸುವುದು ಯಾಕೆ?

ಹೊಸದಾಗಿ ಓದುವವರು ದೊಡ್ಡ ಸಿದ್ಧಾಂತಗಳ ಪುಸ್ತಕದಿಂದ ಶುರು ಮಾಡಬೇಡಿ. ಮೂಲ ಕಥೆಗಳ ಒಳ್ಳೆಯ ಅನುವಾದ ಹಿಡಿಯಿರಿ. ‘ಎನೂಮಾ ಎಲಿಶ್’ನ ಒಂದು, ನಾಲ್ಕು ಮತ್ತು ಆರನೇ ಫಲಕ ಒಂದೇ ಸಲ ಕೂತು ಓದಬಹುದು. ಅದರ ಪಕ್ಕದಲ್ಲಿ ಪುರುಷಸೂಕ್ತ, ಆಮೇಲೆ ಬೈಬಲ್ಲಿನ ಆದಿಕಾಂಡದ ಮೊದಲೆರಡು ಅಧ್ಯಾಯ. ಆ ಎರಡು ಅಧ್ಯಾಯಗಳಲ್ಲೇ ಎರಡು ಬೇರೆ ಸೃಷ್ಟಿಕಥೆಗಳಿವೆ. ಮೊದಲನೆಯದರಲ್ಲಿ ಪ್ರಾಣಿಗಳು ಮೊದಲು, ಮನುಷ್ಯ ಆಮೇಲೆ. ಎರಡನೆಯದರಲ್ಲಿ ಮನುಷ್ಯ ಮೊದಲು, ಅವನ ಒಂಟಿತನ ಕಳೆಯಲು ಪ್ರಾಣಿಗಳು. ಹೋಲಿಸಿ ಓದುವ ಅಭ್ಯಾಸಕ್ಕೆ ಅಲ್ಲಿಂದಲೇ ಕೈ ಹಾಕಬಹುದು.