ಪದ ಪರಿಚಯ: ‘ಮುಕ್ತ’ದ ವಿರುದ್ಧಪದ ‘ವಾಣಿಜ್ಯ’ ಅಲ್ಲ

‘ದಿನನಿತ್ಯದ ಕೆಲಸಕ್ಕೆ ಮುಕ್ತ ಆಪರೇಟಿಂಗ್ ಸಿಸ್ಟಂ ಒಳ್ಳೆಯದೋ, ವಾಣಿಜ್ಯ ಆಪರೇಟಿಂಗ್ ಸಿಸ್ಟಂ ಒಳ್ಳೆಯದೋ?’ ತಂತ್ರಜ್ಞಾನದ ಅಂಕಣಗಳಲ್ಲಿ, ಕಾಲೇಜುಗಳ ವಿಚಾರ ಸಂಕಿರಣಗಳಲ್ಲಿ, ಕಂಪ್ಯೂಟರ್ ಖರೀದಿಯ ಕಡತಗಳಲ್ಲಿ ಈ ಪ್ರಶ್ನೆ ವರ್ಷಗಳಿಂದ ಹೀಗೆಯೇ ಬರುತ್ತಿದೆ. ಮೊನ್ನೆ ಸಂಸ್ಥೆಯೊಂದರ ಟೆಂಡರ್ ಪ್ರಕಟಣೆಯಲ್ಲಿ ‘ಮುಕ್ತ, ಅಂದರೆ ಉಚಿತ, ತಂತ್ರಾಂಶ’ ಎಂದು ಬರೆದದ್ದನ್ನೂ ಓದಿದೆ. ಹಣ ಕೊಟ್ಟು ವಸ್ತು ತರಿಸುವವರೇ ಹೀಗೆ ಬರೆದರೆ ಸುಮ್ಮನಿರುವುದು ಸರಿಯಲ್ಲ. ಮುಕ್ತ ಎಂದರೆ ಉಚಿತವಲ್ಲ. ಮುಕ್ತವಾದದ್ದು ವಾಣಿಜ್ಯಕ್ಕೆ ಹೊರತಾದದ್ದೂ ಅಲ್ಲ.

ಪದದಿಂದಲೇ ಶುರುಮಾಡೋಣ. ‘ಮುಕ್ತ’ ಸಂಸ್ಕೃತದ ‘ಮುಚ್’ ಧಾತುವಿನಿಂದ ಬಂದದ್ದು. ಬಿಡು, ಬಿಡಿಸು, ಕಟ್ಟು ಕಳಚು ಎಂಬುದು ಅದರ ಅರ್ಥ. ಮುಕ್ತಿ, ಮೋಕ್ಷ, ವಿಮೋಚನೆ ಎಲ್ಲವೂ ಇದೇ ಬುಡದವು. ಈ ಕುಟುಂಬದ ಯಾವ ಪದಕ್ಕೂ ಬೆಲೆಯ ಸೋಂಕಿಲ್ಲ. ‘ಋಣಮುಕ್ತ’ದಲ್ಲಿ ಹಣದ ಮಾತು ಬರುತ್ತದೆಯಲ್ಲ ಎಂದರೆ, ಅಲ್ಲಿಯೂ ಮನುಷ್ಯ ಹಣ ತೀರಿಸಿಯೇ ಮುಕ್ತನಾಗುತ್ತಾನೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಸೇರುವವರು ಶುಲ್ಕ ಕಟ್ಟುತ್ತಾರೆ. ಹೆಸರಿನಲ್ಲಿ ‘ಮುಕ್ತ’ ಇದೆಯೆಂದು ಶುಲ್ಕ ಮನ್ನಾ ಮಾಡಿ ಎಂದು ಯಾರೂ ಕೇಳುವುದಿಲ್ಲ. ‘ಮುಕ್ತ ಮಾರುಕಟ್ಟೆ’ ಎಂದು ದಿನವೂ ಓದುತ್ತೇವೆ. ಅಲ್ಲಿ ‘ಮುಕ್ತ’ ವ್ಯಾಪಾರದ ಪಕ್ಕದಲ್ಲಿಯೇ ಕುಳಿತಿದೆ, ಯಾರಿಗೂ ವಿರೋಧಾಭಾಸ ಕಾಣುವುದಿಲ್ಲ. ತಂತ್ರಾಂಶದ ಮುಂದೆ ಬಂದ ಕೂಡಲೇ ಅದೇ ಪದ ಬಿಟ್ಟಿ ಎಂಬ ಅರ್ಥ ಪಡೆಯುವುದೇಕೆ?

‘ಉಚಿತ’ದ ದಾರಿ ಬೇರೆ. ಸಂಸ್ಕೃತದಲ್ಲಿ ಅದಕ್ಕೆ ತಕ್ಕದ್ದು, ಯೋಗ್ಯವಾದದ್ದು ಎಂಬ ಅರ್ಥ. ಸಮಯೋಚಿತ, ಔಚಿತ್ಯ, ಅನುಚಿತ ಎನ್ನುವಾಗ ನಾವೂ ಅದನ್ನೇ ಉಳಿಸಿಕೊಂಡಿದ್ದೇವೆ. ಹಿಂದಿಯವರಿಗೆ ಇಂದಿಗೂ ಅದೇ ಅರ್ಥ. ಹಣ ತೆಗೆದುಕೊಳ್ಳದೆ ಕೊಡುವುದು ಎಂಬುದನ್ನು ಕನ್ನಡ ಅದರ ಮೇಲೆ ಸೇರಿಸಿಕೊಂಡಿತು. ಇದರ ಜೊತೆಗೆ ಪುಕ್ಕಟೆ, ಬಿಟ್ಟಿ, ಧರ್ಮಕ್ಕೆ ಎಂಬ ಮಾತುಗಳೂ ನಮ್ಮಲ್ಲಿವೆ. ಬೆಲೆಯಿಲ್ಲದ್ದಕ್ಕೆ ಇಷ್ಟು ಪದ, ಬಂಧನವಿಲ್ಲದ್ದಕ್ಕೆ ಬೇರೆಯೇ ಪದ: ಹೀಗಿರುವಾಗ ಎರಡನ್ನೂ ಕಲಸುವುದಕ್ಕೆ ಕನ್ನಡದಲ್ಲಿ ಕಾರಣವೇ ಇಲ್ಲ.

ಈ ಗೊಂದಲ ಇಂಗ್ಲಿಷಿನದು. ಅಲ್ಲಿ ‘ಫ್ರೀ’ ಎಂಬ ಒಂದೇ ಪದ ಎರಡೂ ಅರ್ಥಗಳ ಭಾರ ಹೊರುತ್ತದೆ. ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ, ಎಲ್ಲರೂ ಬಳಸಿ ತಿದ್ದಬಹುದಾದ ಆಪರೇಟಿಂಗ್ ಸಿಸ್ಟಂ ಕಟ್ಟುವ ಗ್ನೂ ಯೋಜನೆ ಪ್ರಕಟಿಸಿ, 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಕಟ್ಟಿದಾಗ ಹೇಳಹೊರಟದ್ದು ಸ್ವಾತಂತ್ರ್ಯವನ್ನು. ಕೇಳಿದವರು ಬೆಲೆ ಎಂದುಕೊಂಡರು. ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರಿನ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮರುಗಳು ಬರೆದ ಮೂಲ ಸಾಲುಗಳನ್ನು, ಬಿಡುಗಡೆ ಮಾಡುವುದಾಗಿ 1998ರ ಜನವರಿಯಲ್ಲಿ ಘೋಷಿಸಿತು. ಮರುತಿಂಗಳೇ ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿ ಸೇರಿದ್ದ ಸಭೆಯೊಂದರಲ್ಲಿ ಕ್ರಿಸ್ಟೀನ್ ಪೀಟರ್ಸನ್ ‘ಓಪನ್ ಸೋರ್ಸ್’ ಎಂಬ ಹೊಸ ಪದವನ್ನು ಮುಂದಿಟ್ಟರು. ‘ಫ್ರೀ’ ಪದ ಬೆಲೆಯ ಕಡೆಗೆ ಎಳೆಯುವುದನ್ನು ತಪ್ಪಿಸುವುದು ಅದರ ಉದ್ದೇಶಗಳಲ್ಲಿ ಒಂದು. ಅವರು ತಮ್ಮ ಭಾಷೆಯ ಕೊರತೆಯನ್ನು ತುಂಬಿಕೊಳ್ಳಲು ಅಷ್ಟು ಕಷ್ಟಪಟ್ಟರು. ನಮ್ಮಲ್ಲಿ ಆ ಕೊರತೆ ಇರಲಿಲ್ಲ. ಆದರೂ ಅವರ ಗೊಂದಲವನ್ನು ಹೊತ್ತು ತಂದು ಸರಿಯಾಗಿದ್ದ ನಮ್ಮ ಪದಕ್ಕೆ ಅಂಟಿಸಿದ್ದೇವೆ.

‘ಸೋರ್ಸ್’ಗೆ ಕನ್ನಡದಲ್ಲಿ ‘ಆಕರ’ ಎಂದು ಬಳಸಿದವರನ್ನು ಮಾತ್ರ ಮೆಚ್ಚಬೇಕು. ಆಕರ ಎಂದರೆ ಗಣಿ, ಹುಟ್ಟುವ ಜಾಗ. ರತ್ನಾಕರ, ಗುಣಾಕರ ಎಂಬಲ್ಲಿ ಇರುವುದು ಅದೇ. ಮುಕ್ತ ಆಕರ ಎಂದರೆ ತಂತ್ರಾಂಶ ಹುಟ್ಟಿದ ಜಾಗಕ್ಕೇ ಇಳಿಯುವ ಹಕ್ಕು ಬಳಸುವವನಿಗೂ ಇದೆ ಎಂದು ಅರ್ಥ. ಯಾವ ಉದ್ದೇಶಕ್ಕಾದರೂ ಬಳಸಬಹುದು, ಒಳಗೆ ನೋಡಿ ತಿದ್ದಬಹುದು, ಪ್ರತಿ ಹಂಚಬಹುದು, ತಿದ್ದಿದ್ದನ್ನೂ ಹಂಚಬಹುದು. ಈ ನಾಲ್ಕನ್ನೂ ಪರವಾನಗಿ ಪತ್ರ ಕೊಟ್ಟಿದ್ದರೆ ಮುಕ್ತ, ಇಲ್ಲದಿದ್ದರೆ ಇಲ್ಲ. ಆಕರ ಕಣ್ಣಿಗೆ ಕಂಡರಷ್ಟೇ ಸಾಲದು. ಕೃತಿಸ್ವಾಮ್ಯ ಬಿಟ್ಟುಕೊಟ್ಟದ್ದಕ್ಕೆ ಮುಕ್ತ ಎನ್ನುತ್ತಾರೆ ಎಂದೂ ಕೆಲವರು ಬರೆಯುತ್ತಾರೆ. ಅದೂ ತಪ್ಪು. ಮುಕ್ತ ಆಪರೇಟಿಂಗ್ ಸಿಸ್ಟಂ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಪ್ರತಿ ಸಾಲಿಗೂ ಕೃತಿಸ್ವಾಮ್ಯವಿದೆ. ಅದಕ್ಕಿರುವ, ಗ್ನೂ ಯೋಜನೆಯಲ್ಲಿ ಹುಟ್ಟಿದ ಜಿಪಿಎಲ್ ಪರವಾನಗಿ ನಿಂತಿರುವುದೇ ಕೃತಿಸ್ವಾಮ್ಯ ಕಾನೂನಿನ ಬಲದ ಮೇಲೆ.

ಈಗ ‘ವಾಣಿಜ್ಯ’ಕ್ಕೆ ಬರುತ್ತೇನೆ, ನನಗೆ ಹೆಚ್ಚು ಬೇಸರ ತರಿಸುವುದು ಇದೇ. ವಣಿಜ ಎಂದರೆ ವ್ಯಾಪಾರಿ. ಅವನ ಕೆಲಸ ವಾಣಿಜ್ಯ. ವಸ್ತುವನ್ನು ಮಾರುತ್ತಾರೋ ಇಲ್ಲವೋ ಎಂಬುದನ್ನು ಬಿಟ್ಟು ಆ ಪದ ಬೇರೇನನ್ನೂ ಹೇಳುವುದಿಲ್ಲ. ಮುಕ್ತ ಆಕರದ ಅಧಿಕೃತ ವ್ಯಾಖ್ಯೆಯನ್ನು ಓಪನ್ ಸೋರ್ಸ್ ಇನಿಶಿಯೇಟಿವ್ ಎಂಬ ಸಂಸ್ಥೆ ಕಾಯ್ದುಕೊಂಡು ಬಂದಿದೆ. ಅದರ ಮೊದಲನೆಯ ಷರತ್ತೇ, ತಂತ್ರಾಂಶವನ್ನು ಮಾರುವುದನ್ನು ಪರವಾನಗಿ ತಡೆಯಬಾರದು ಎನ್ನುತ್ತದೆ. ಆರನೆಯ ಷರತ್ತು ಇನ್ನೂ ಸ್ಪಷ್ಟ: ಯಾವುದೇ ಕಾರ್ಯಕ್ಷೇತ್ರದ ಬಳಕೆಯನ್ನು ನಿಷೇಧಿಸುವಂತಿಲ್ಲ, ವ್ಯಾಪಾರವೂ ಅದರಲ್ಲಿ ಸೇರಿದೆ. ‘ವಾಣಿಜ್ಯ ಬಳಕೆಗೆ ಅವಕಾಶವಿಲ್ಲ’ ಎಂಬ ಸಾಲು ಯಾವ ಪರವಾನಗಿಯಲ್ಲಿದೆಯೋ ಆ ತಂತ್ರಾಂಶ ಅದೇ ಕಾರಣಕ್ಕೆ ಮುಕ್ತವಲ್ಲ. ವಾಣಿಜ್ಯಕ್ಕೆ ಬಾಗಿಲು ತೆರೆದಿರಬೇಕು ಎನ್ನುವುದು ಮುಕ್ತದ ವ್ಯಾಖ್ಯೆಯ ಒಳಗೇ ಇರುವಾಗ, ಇವೆರಡನ್ನೂ ವಿರುದ್ಧಪದಗಳೆಂದು ಬರೆಯುವವರಿಗೆ ಏನು ಹೇಳಬೇಕು?

ಲಿನಕ್ಸ್‌ನ ಚರಿತ್ರೆಯಲ್ಲಿಯೇ ಇದಕ್ಕೆ ಸಾಕ್ಷಿಯಿದೆ. ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಕರ್ನಲ್ಲನ್ನು ಮೊದಲು ಹೊರಬಿಟ್ಟಾಗ ಅದರ ಪರವಾನಗಿ ಹಣ ಪಡೆದು ಹಂಚುವುದನ್ನು ನಿಷೇಧಿಸಿತ್ತು. ಫ್ಲಾಪಿಯಲ್ಲಿ ಪ್ರತಿ ಮಾಡಿ ಕೊಡುವವನು ತನ್ನ ಖರ್ಚನ್ನೂ ವಸೂಲು ಮಾಡುವಂತಿರಲಿಲ್ಲ. ಅಂದರೆ ಆಗ ಅದು ಪುಕ್ಕಟೆಯಾಗಿತ್ತು, ಇಂದಿನ ಅರ್ಥದಲ್ಲಿ ಮುಕ್ತವಾಗಿರಲಿಲ್ಲ. 1992ರಲ್ಲಿ ಅವರು ಜಿಪಿಎಲ್‌ಗೆ ಬದಲಾದರು. ಮಾರಾಟಕ್ಕೆ ಅನುಮತಿ ಸಿಕ್ಕಿದ್ದು ಆಗ. ಅದೇ ವರ್ಷ ಜರ್ಮನಿಯಲ್ಲಿ ಸೂಸೆ ಕಂಪನಿ ಹುಟ್ಟಿತು; ಮುಂದೆ ಲಿನಕ್ಸನ್ನು ಪೆಟ್ಟಿಗೆಯಲ್ಲಿಟ್ಟು ಮಾರಿತು. ರೆಡ್ ಹ್ಯಾಟ್ ಅಮೆರಿಕದಲ್ಲಿ ಇದೇ ವ್ಯಾಪಾರ ಮಾಡಿ ಬೆಳೆಯಿತು. 2019ರಲ್ಲಿ ಐಬಿಎಂ ಅದನ್ನು ಕೊಂಡದ್ದು 3,400 ಕೋಟಿ ಡಾಲರಿಗೆ. ಇದು ವಾಣಿಜ್ಯವಲ್ಲದಿದ್ದರೆ ವಾಣಿಜ್ಯ ಯಾವುದು? ಆ ವ್ಯಾಪಾರದ ಒಂದು ತುಣುಕು ಕನ್ನಡಕ್ಕೂ ಬಂದಿದೆ: ಲಿನಕ್ಸ್ ಕಂಪ್ಯೂಟರುಗಳಲ್ಲಿ ಕನ್ನಡ ತೋರಿಸುತ್ತ ಬಂದ ಲೋಹಿತ್ ಫಾಂಟನ್ನು ಮುಕ್ತ ಪರವಾನಗಿಯಡಿ ಹೊರತಂದದ್ದು ಇದೇ ರೆಡ್ ಹ್ಯಾಟ್.

ಇನ್ನು ಪುಕ್ಕಟೆ ಸಿಗುವ, ಆದರೆ ಮುಕ್ತವಲ್ಲದವು. ವಾಟ್ಸ್‌ಆಪ್‌ಗೆ ನಾವು ಕಾಸು ಕೊಡುವುದಿಲ್ಲ. ಅದರ ಆಕರ ನಮಗೆ ಕಾಣುವುದಿಲ್ಲ. ಪಿಡಿಎಫ್ ಓದಲು ಬಳಸುವ ಅಡೋಬಿಯ ರೀಡರ್ ಹಾಗೆಯೇ. ಆಪಲ್ ಕಂಪನಿ 2013ರಿಂದ ತನ್ನ ಕಂಪ್ಯೂಟರುಗಳ ಆಪರೇಟಿಂಗ್ ಸಿಸ್ಟಂನ ಹೊಸ ಆವೃತ್ತಿಗಳಿಗೆ ಹಣ ಕೇಳುತ್ತಿಲ್ಲ. ಅದರ ತಳಭಾಗವಾದ ಡಾರ್ವಿನ್ ಮುಕ್ತವೇ, ಆದರೆ ಅದರ ಮೇಲೆ ನಾವು ನೋಡಿ ಬಳಸುವ ಪದರ ಮುಚ್ಚಿದ್ದು. ನಮ್ಮ ಊರುಗಳ ಅಂಗಡಿಗಳಲ್ಲಿ ಬಿಡಿಭಾಗ ಜೋಡಿಸಿ ಕೊಡುವ ಕಂಪ್ಯೂಟರುಗಳಿಗೆ ವಿಂಡೋಸ್‌ನ ಕಳ್ಳಪ್ರತಿಯನ್ನು ಹಾಕಿಕೊಡುವ ರೂಢಿಯೊಂದಿದೆ. ‘ನಮಗೆ ವಿಂಡೋಸ್ ಕೂಡ ಫ್ರೀ’ ಎನ್ನುವವರಿಗೆ ಸಿಕ್ಕಿರುವುದು ಮುಕ್ತವೂ ಅಲ್ಲ, ನ್ಯಾಯವಾಗಿ ಉಚಿತವೂ ಅಲ್ಲ. ಮುಕ್ತ ತಂತ್ರಾಂಶದ ಲಾಭವೆಲ್ಲ ಅದರ ಬೆಲೆಯಲ್ಲಿದೆ ಎಂದು ಪ್ರಚಾರ ಮಾಡಿದರೆ ಇಂಥವರಿಗೆ ಅದರಲ್ಲಿ ಏನೂ ಕಾಣುವುದಿಲ್ಲ. ಅವರಂತೂ ಮೊದಲೇ ಬೆಲೆ ಕೊಡುತ್ತಿರಲಿಲ್ಲ.

ಹಾಗಾಗಿ ಪ್ರಶ್ನೆಯನ್ನು ಒಡೆದು ಕೇಳಬೇಕು. ಮುಕ್ತವೋ ಮುಚ್ಚಿದ್ದೋ ಎಂಬುದು ಒಂದು. ಬೆಂಬಲಕ್ಕೆ ಯಾರಿಗೆ ಎಷ್ಟು ಕೊಡುತ್ತೇವೆ ಎಂಬುದು ಇನ್ನೊಂದು. ‘ಮುಕ್ತ, ಆದ್ದರಿಂದ ಖರ್ಚಿಲ್ಲ’ ಎಂದುಕೊಂಡ ಕಚೇರಿ ತರಬೇತಿಗೂ ನಿರ್ವಹಣೆಗೂ ಆಯವ್ಯಯದಲ್ಲಿ ಹಣ ಇಡುವುದಿಲ್ಲ. ಮುದ್ರಕ ಕೈಕೊಟ್ಟ ದಿನ ಯಾರನ್ನು ಕರೆಯಬೇಕೆಂದು ತಿಳಿಯುವುದಿಲ್ಲ, ದೂರು ಮಾತ್ರ ಲಿನಕ್ಸ್ ಮೇಲೆ ಬರುತ್ತದೆ. ಪದದ ತಪ್ಪು ಹೀಗೆ ಕೆಲಸದ ತಪ್ಪಾಗುತ್ತದೆ.

ಯಾವುದನ್ನು ಆರಿಸಬೇಕು ಎಂಬುದಕ್ಕೆ ಉತ್ತರ ಮೇಜಿನ ಮೇಲಿನ ಕೆಲಸದಲ್ಲಿದೆ. ಟ್ಯಾಲಿಯಲ್ಲಿ ಲೆಕ್ಕ ಇಡುವ ಅಂಗಡಿಗೆ ವಿಂಡೋಸೇ ಸರಿ. ಟ್ಯಾಲಿ ರೂಪುಗೊಂಡಿರುವುದು ಅದಕ್ಕಾಗಿ. ಕನ್ನಡ ಟೈಪಿಂಗ್ ತಂತ್ರಾಂಶಗಳಾದ ನುಡಿ ಅಥವಾ ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ, ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟುವ ಮುದ್ರಣಾಲಯವೂ ಸದ್ಯಕ್ಕೆ ಅಲ್ಲಿಯೇ ಇರಬೇಕಾದೀತು. ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ ಯುನಿಕೋಡ್‌ಗೆ ಬದಲಾಗುವವರೆಗೆ ಅವರನ್ನು ಕಟ್ಟಿಹಾಕಿರುವುದು ಆ ಫಾಂಟುಗಳ ಹಳೆಯ ಸಂಕೇತ ವ್ಯವಸ್ಥೆ. ಪತ್ರ, ಪಟ್ಟಿ, ಇಮೇಲ್, ಬ್ರೌಸರ್ ಇಷ್ಟರಲ್ಲೇ ದಿನ ಮುಗಿಯುವ ಶಾಲೆಗೆ, ಗ್ರಂಥಾಲಯಕ್ಕೆ, ಮನೆಗೆ ಲಿನಕ್ಸ್‌ನ ರೂಪಗಳಾದ ಉಬುಂಟು ಅಥವಾ ಡೆಬಿಯನ್ ಧಾರಾಳವಾಗಿ ಸಾಕು. ಕೇರಳದ ಸರ್ಕಾರಿ ಶಾಲೆಗಳು ಮುಕ್ತ ತಂತ್ರಾಂಶದಲ್ಲಿಯೇ ಪಾಠ ನಡೆಸುತ್ತಿವೆ. ‘ಲಿನಕ್ಸ್‌ನಲ್ಲಿ ಕನ್ನಡ ಬರುವುದಿಲ್ಲ’ ಎಂಬ ಮಾತನ್ನಂತೂ ಇನ್ನಾದರೂ ಬಿಡಬೇಕು. ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸ, ಅಂದರೆ ನುಡಿಯಲ್ಲಿ ಬೆರಳಿಗೆ ರೂಢಿಯಾದದ್ದೇ, ಲಿನಕ್ಸ್‌ನಲ್ಲಿ ಟೈಪಿಂಗ್‌ಗಾಗಿ ಇರುವ ಐಬಸ್ ವ್ಯವಸ್ಥೆಯಲ್ಲಿ ಸಿಗುತ್ತದೆ. ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಫಾಂಟುಗಳು ಡೆಬಿಯನ್‌ನ ಭಂಡಾರದಲ್ಲಿಯೇ ಇವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಅದಿಲ್ಲದ, ಇನ್ನೂ ಗಟ್ಟಿಯಾಗಿರುವ ಯಂತ್ರಗಳನ್ನು ಗುಜರಿಗೆ ಹಾಕುವ ಮೊದಲು ಲಿನಕ್ಸ್ ಹಾಕಿ ನೋಡಿ ಎಂದು ನಾನು ಒತ್ತಿ ಹೇಳುತ್ತೇನೆ.

ಬೆಲೆ ನೋಡದೆ ಮುಕ್ತವನ್ನು ಆರಿಸಿದವರೂ ಇದ್ದಾರೆ. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸ್‌ಗೆ ಹೋಗಲು ನಿರ್ಧರಿಸುವ ಹೊತ್ತಿಗೆ ಮೈಕ್ರೋಸಾಫ್ಟ್‌ನ ಆಗಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಸ್ವತಃ ಮೇಯರನ್ನು ಕಂಡರು. ಕಂಪನಿ ದೊಡ್ಡ ರಿಯಾಯಿತಿ ಮುಂದಿಟ್ಟಿತು. ಆದರೂ ಒಬ್ಬನೇ ಮಾರಾಟಗಾರನನ್ನು ನೆಚ್ಚಿಕೊಂಡಿರಬಾರದು ಎಂಬ ಕಾರಣಕ್ಕೆ ನಗರ ಲಿನಕ್ಸನ್ನೇ ಆರಿಸಿತು, ಹತ್ತು ವರ್ಷಗಳಲ್ಲಿ ಸುಮಾರು 15,000 ಕಂಪ್ಯೂಟರುಗಳನ್ನು ಬದಲಿಸಿತು. 2017ರಲ್ಲಿ ವಿಂಡೋಸ್‌ಗೆ ಮರಳಲು ಮತ ಹಾಕಿದ್ದೂ ಅದೇ ನಗರ. ಆ ಮರಳಿಕೆಯನ್ನು ‘ಉಚಿತ ತಂತ್ರಾಂಶದ ಸೋಲು’ ಎಂದು ಬರೆಯುವವರು ನಗರ ಯಾವ ಕಾರಣಕ್ಕೆ ಹೊರಟಿತ್ತು ಎಂಬುದನ್ನೇ ಓದಿಲ್ಲ.

ಇದೇ ಸಾಲಿನಲ್ಲಿ ಕೆಡುತ್ತಿರುವ ಇನ್ನೊಂದು ಮಾತು ‘ಮುಕ್ತ ಮಾನಕ’, ಇಂಗ್ಲಿಷಿನ ‘ಓಪನ್ ಸ್ಟ್ಯಾಂಡರ್ಡ್’. ಅದು ಮುಕ್ತ ಆಕರವಲ್ಲ. ವರ್ಡ್‌ನ ಡಾಕ್ಸ್ ಕಡತ ಯಾವ ಸ್ವರೂಪದ್ದೋ ಅದಕ್ಕೆ 2008ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್ಒದ ಮಾನಕವೆಂಬ ಮನ್ನಣೆ ಸಿಕ್ಕಿದೆ, ವಿವರಣೆ ಎಲ್ಲರಿಗೂ ಪ್ರಕಟವಾಗಿದೆ. ವರ್ಡ್ ಮಾತ್ರ ಮುಚ್ಚಿದ ತಂತ್ರಾಂಶವಾಗಿಯೇ ಇದೆ. ವರ್ಡ್‌ನಂಥ ಕೆಲಸ ಮಾಡುವ ಮುಕ್ತ ತಂತ್ರಾಂಶ ಲಿಬ್ರೆಆಫೀಸ್ ಬಳಸುವ ಕಡತ ಸ್ವರೂಪ ಓಡಿಎಫ್‌ಗೆ ಆ ಮನ್ನಣೆ 2006ರಲ್ಲಿಯೇ ದೊರೆಯಿತು, ಅದನ್ನು ವರ್ಡ್ ಕೂಡ ತೆರೆಯುತ್ತದೆ. ಟೆಂಡರ್ ಬರೆಯುವವರು ಮೂರು ಅಂಶಗಳನ್ನು ಮೂರು ಸಾಲುಗಳಲ್ಲಿ ಬೇರೆ ಬೇರೆಯಾಗಿ ನಮೂದಿಸಲಿ: ತಂತ್ರಾಂಶದ ಪರವಾನಗಿ ಮುಕ್ತವಾಗಿರಬೇಕೇ, ಕಡತಗಳು ಯಾವ ಮಾನಕದಲ್ಲಿರಬೇಕು, ವರ್ಷದ ಬೆಂಬಲಕ್ಕೆ ಎಷ್ಟು ಹಣ ತೆಗೆದಿಟ್ಟಿದೆ.