ಭಿಶಿ ಬೇರೆ, ಪಾಂಜಿ ಬೇರೆ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಭಿಶಿ ಗೊತ್ತಿಲ್ಲದ ಮನೆ ಕಡಿಮೆ. ಹನ್ನೆರಡು ಮಂದಿ ತಿಂಗಳಿಗೆ ₹5,000 ಹಾಕಿದರೆ ₹60,000 ಕೂಡುತ್ತದೆ, ಸರದಿಯಂತೆ ಒಬ್ಬೊಬ್ಬರು ಎತ್ತುತ್ತಾರೆ. ಎತ್ತಿದವರು ಕಂತು ತಪ್ಪಿಸಿದರೆ ಭಿಶಿಯೂ ಮುರಿಯುತ್ತದೆ. ಆದರೆ ಹಣ ಎಲ್ಲಿಂದ ಬಂತು, ಯಾರ ಕೈಗೆ ಹೋಯಿತು ಎಂಬುದು ಆ ಹನ್ನೆರಡೂ ಮಂದಿಗೆ ಗೊತ್ತಿರುತ್ತದೆ. ಕಟ್ಟಿದ ಹಣ ಬೇಗ ಬೆಳೆಸಿ ಕೊಡುತ್ತೇವೆನ್ನುವ ‘ದುಪ್ಪಟ್ಟು ಸ್ಕೀಮ್’ನಲ್ಲಿ ಮುಚ್ಚಿಡುವುದು ಅದನ್ನೇ.

ಪತ್ರಿಕೆಗಳು ಇದನ್ನು ಪಾಂಜಿ ಎನ್ನುತ್ತವೆ. ಇಟಲಿಯಿಂದ ಅಮೆರಿಕಕ್ಕೆ ಹೋದ ಚಾರ್ಲ್ಸ್ ಪಾಂಜಿ 1920ರಲ್ಲಿ ಬಾಸ್ಟನ್‌ನಲ್ಲಿ 45 ದಿನಕ್ಕೆ ಶೇ 50 ಲಾಭ ಕೊಡುತ್ತೇನೆಂದ. ಹೊರದೇಶದ ಅಂಚೆ ಕೂಪನ್ (ಅಂಚೆಚೀಟಿಗೆ ಬದಲಿಸಿಕೊಳ್ಳುವ ಚೀಟಿ) ಅಗ್ಗಕ್ಕೆ ಕೊಂಡು ಅಮೆರಿಕದಲ್ಲಿ ಬದಲಿಸುವುದೇ ವ್ಯಾಪಾರ ಎಂದು ನಂಬಿಸಿದ. ಲೆಕ್ಕ ಹಾಕಿದರೆ ಅದಕ್ಕೆ 16 ಕೋಟಿ ಕೂಪನ್ ಬೇಕಿತ್ತು. ಚಲಾವಣೆಯಲ್ಲಿದ್ದದ್ದು ಸುಮಾರು 27,000. ಹಳಬರಿಗೆ ಕೊಟ್ಟದ್ದೆಲ್ಲ ಹೊಸಬರ ಹಣ. ಅದೇ ಊರಲ್ಲಿ 1880ರ ಹೊತ್ತಿಗೇ ಸಾರಾ ಹೋವ್ ಎಂಬಾಕೆ ಹೆಂಗಸರ ಠೇವಣಿಯಲ್ಲಿ ಇದೇ ಆಟ ಆಡಿದ್ದಳು. ಹೆಸರು ಮಾತ್ರ ಪಾಂಜಿಗೆ ಅಂಟಿತು.

ಈ ಲೆಕ್ಕವನ್ನು ನಮ್ಮ ಕಬ್ಬಿನ ಬಿಲ್ಲಿಗೆ ಹಚ್ಚಿ ನೋಡಿ. ಮುಧೋಳದ ರೈತರೊಬ್ಬರು ಬಿಲ್ಲಿನ ₹1 ಲಕ್ಷ ಇಂಥ ಸ್ಕೀಮ್‌ಗೆ ಕಟ್ಟಿದರು, ತಿಂಗಳಿಗೆ ಶೇ 10 ಎಂಬ ಮಾತು. ಏಜೆಂಟನ ಕಮಿಷನ್ ₹10,000 ಹೋದರೆ ಉಳಿದದ್ದು ₹90,000. ಒಂಬತ್ತು ತಿಂಗಳು ಅವರಿಗೆ ‘ಬಡ್ಡಿ’ ಬರುತ್ತದೆ, ಅದಷ್ಟೂ ಅವರದೇ ಅಸಲು. ತಪ್ಪದೆ ಬಂತೆಂದು ಅಳಿಯನನ್ನೂ ಕರೆತರುತ್ತಾರೆ. ಗಂಟು ಕರಗದಂತೆ ನೂರು ಮಂದಿಗೆ ಹೀಗೆ ಕೊಡಬೇಕಾದರೆ ಮೊದಲ ತಿಂಗಳೇ ಹತ್ತು ಹೊಸಬರು ಬೇಕು. ಹೊಸಬರಿಗೂ ಕೊಡಬೇಕಾದ್ದರಿಂದ ಒಟ್ಟು ಮಂದಿ ವರ್ಷಕ್ಕೆ 300, ಮೂರು ವರ್ಷಕ್ಕೆ 3,000 ಮೀರಬೇಕು. ಕಮಿಷನ್ ಸೇರಿಸಿದರೆ ಇನ್ನೂ ಹೆಚ್ಚು. ಊರಲ್ಲಿ ಅಷ್ಟು ಮಂದಿ ಇರುವುದಿಲ್ಲ. ಕಂತು ನಿಲ್ಲುವುದು ಅಲ್ಲೇ, ಕೊನೆಗೆ ಸೇರಿದವರೇ ಮುಳುಗುವುದೂ ಅದಕ್ಕೇ.

ಜನರನ್ನು ಸೇರಿಸುತ್ತ ಹೋದರೆ ಸುಲಭದ ಹಣ ಎನ್ನುವ ಹಣ ಚಲಾವಣೆ ಸ್ಕೀಮ್‌ಗಳನ್ನು ಕೇಂದ್ರ 1978ರಲ್ಲೇ ನಿಷೇಧಿಸಿತು. ಠೇವಣಿದಾರರ ರಕ್ಷಣೆಗೆ ಕರ್ನಾಟಕದ ಕಾಯ್ದೆ ಬಂದದ್ದು 2004ರಲ್ಲಿ. ಆಸ್ತಿ ಜಪ್ತಿಗೆ ಸಕ್ಷಮ ಪ್ರಾಧಿಕಾರ (ಸರ್ಕಾರ ನೇಮಿಸುವ ಅಧಿಕಾರಿ), ವಿಚಾರಣೆಗೆ ವಿಶೇಷ ನ್ಯಾಯಾಲಯ ಅದರಲ್ಲೇ ಇವೆ. 2019ರ ಕೇಂದ್ರ ಕಾಯ್ದೆಯಂತೆ ಅನಿಯಂತ್ರಿತ, ಅಂದರೆ ಕಾನೂನಿನ ನಿಯಂತ್ರಣಕ್ಕೆ ಒಳಪಡದ ಸ್ಕೀಮ್‌ಗೆ ಠೇವಣಿ ಪಡೆದರೆ 2ರಿಂದ 7 ವರ್ಷ ಜೈಲು.

ಪತ್ತಿನ ಸಂಘದ ಬೋರ್ಡ್ ಕಂಡು ಬ್ಯಾಂಕೆಂದು ತಿಳಿಯುವವರೂ ಇದ್ದಾರೆ. ಬ್ಯಾಂಕ್ ಠೇವಣಿಗೆ ಇರುವ ₹5 ಲಕ್ಷದ ವಿಮೆ ಅಲ್ಲಿ ಇಲ್ಲ.

ಕಂತು ಒಂದು ಸಲ ತಪ್ಪಿದರೂ ಕಾಯಬೇಡಿ. ಬಾಂಡ್, ರಸೀದಿ, ಫೋನ್‌ಪೇ ದಾಖಲೆ, ವಾಟ್ಸ್ಆ್ಯಪ್ ಮಾತುಕತೆ ಎಲ್ಲವನ್ನೂ ಜೋಡಿಸಿ ಪೊಲೀಸರಿಗೆ ಲಿಖಿತ ದೂರು ಕೊಡಿ. ಹೊಸ ಬಾಂಡ್ ಮಾಡಿಕೊಡುತ್ತೇನೆಂದು ಏಜೆಂಟ್ ಹಳೆಯದನ್ನು ಕೇಳುತ್ತಾನೆ. ಜೆರಾಕ್ಸ್ ಕೊಡಿ, ಮೂಲ ಪ್ರತಿ ನಿಮ್ಮ ಹತ್ತಿರವೇ ಇರಲಿ.